ಟ್ಯಾಂಕಿನ ರೌಡಿಯನ್ನು ತೆಗೆದರೆ ಜಗಳ ನಿಲ್ಲುತ್ತಾ?

ಮನೆಮನೆಗೆ ಹೋಗಿ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ನೀರು ಬದಲಿಸುವುದು, ಫಿಲ್ಟರ್ ತೊಳೆಯುವುದು, ಗಾಜಿನ ಪಾಚಿ ಕೆರೆಯುವುದು, ಇಷ್ಟೇ. ಆದರೆ ಸಿಕ್ಲಿಡ್ ಅನ್ನುವ ಕುಟುಂಬದ ಮೀನುಗಳನ್ನು ಸಾಕಿರುವ ಮನೆಗಳಿಂದ ಬರುವ ಫೋನೇ ಬೇರೆ ಥರ ಇರುತ್ತದೆ. "ಸರ್, ಒಂದು ಮೀನು ರೌಡಿ ಆಗಿಬಿಟ್ಟಿದೆ, ಎಲ್ಲರಿಗೂ ಹೊಡೀತಿದೆ, ಬಂದು ಹಿಡ್ಕೊಂಡು ಹೋಗಿ." ಗೋಲ್ಡ್‌ಫಿಶ್ ಸಾಕಿದವರು ಯಾರೂ ಹೀಗೆ ಫೋನ್ ಮಾಡುವುದಿಲ್ಲ.

ಈ ಕೆಲಸದಲ್ಲಿ ಕಲಿತದ್ದು ಒಂದೇ. ಹೋದ ತಕ್ಷಣ ಬಲೆ ಹೊರಗೆ ತೆಗೆಯಬಾರದು. ಒಂದು ಕುರ್ಚಿ ಎಳೆದುಕೊಂಡು ಟ್ಯಾಂಕಿನ ಎದುರು ಸುಮ್ನೆ ಕೂರಬೇಕು. ಮೊದಲ ಐದು ನಿಮಿಷ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಊಟ ಬಂತು ಅಂದುಕೊಂಡು ಎಲ್ಲವೂ ಗಾಜಿನ ಹತ್ತಿರ ಬಂದು ಕುಣಿಯುತ್ತಿರುತ್ತವೆ. ಆಮೇಲೆ ನಮ್ಮನ್ನು ಮರೆತು ತಮ್ಮ ಕೆಲಸಕ್ಕೆ ಹೋಗುತ್ತವೆ. ನೋಡಬೇಕಾದದ್ದು ಆಗ. ಯಾರು ಯಾರಿಗೆ ಹೊಡೆದರು ಅನ್ನುವುದು ಅಷ್ಟು ಮುಖ್ಯ ಅಲ್ಲ. ಹೊಡೆದ ಮೀನು ಅಟ್ಟಿಸಿಕೊಂಡು ಎಲ್ಲಿವರೆಗೆ ಹೋಗುತ್ತದೆ, ಎಲ್ಲಿಂದ ವಾಪಸ್ ತಿರುಗುತ್ತದೆ, ತಿರುಗಿ ಯಾವ ಕಲ್ಲಿನ ಹತ್ತಿರ ಬಂದು ನಿಲ್ಲುತ್ತದೆ, ಅದನ್ನು ನೋಡಬೇಕು. ನಾಲ್ಕು ಸಲ ನೋಡಿದರೆ ನೀರಿನೊಳಗೆ ಒಂದು ಗಡಿ ಕಾಣಿಸತೊಡಗುತ್ತದೆ. ಜಗಳ ಬಹುಪಾಲು ಆ ಜಾಗದ್ದು, ಮೀನಿನ ಗುಣದ್ದು ಕಡಿಮೆ.

ಆಫ್ರಿಕಾದ ಮಲಾವಿ ಸರೋವರದ ಎಂಬುನಾ ಜಾತಿಗಳನ್ನೇ ತೆಗೆದುಕೊಳ್ಳಿ. ಬಣ್ಣ ನೋಡಿ ಜನ ಮರುಳಾಗುವುದು ಇವಕ್ಕೇ. ಅಲ್ಲಿ ಇವು ಬಂಡೆಗಳ ನಡುವೆ ಬದುಕುತ್ತವೆ, ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತವೆ. ಗಂಡಿಗೆ ಒಂದು ಬಂಡೆ ಅಂದರೆ ಊಟವೂ ಅಲ್ಲೇ, ಹೆಣ್ಣನ್ನು ಕರೆದುಕೊಂಡು ಬರುವುದೂ ಅಲ್ಲಿಗೇ. ಬೇರೆ ಗಂಡು ಬಂದರೆ ಸುಮ್ನಿರುತ್ತಾ? ಓಡಿಸುತ್ತದೆ. ಸರೋವರದಲ್ಲಿ ಓಡಿಸಿಕೊಂಡ ಮೀನು ಮುಂದಿನ ಬಂಡೆಗೆ ಹೋಗುತ್ತದೆ, ಕತೆ ಮುಗಿಯಿತು. ನಾಲ್ಕು ಅಡಿ ಟ್ಯಾಂಕಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಗಾಜಿಗೆ ಬಡಿದು ವಾಪಸ್ ಬರುತ್ತದೆ, ವಾಪಸ್ ಬಂದದ್ದಕ್ಕೆ ಇನ್ನೊಂದು ಏಟು.

ಒಂದು ಮನೆಯಲ್ಲಿ ಔರಾಟಸ್ ಇದ್ದವು. ಎಂಬುನಾಗಳಲ್ಲೇ ಜೋರಿನವು ಇವು. ಮರಿಗಳು ಮತ್ತು ಹೆಣ್ಣುಗಳು ಹಳದಿ, ಮೇಲೆ ಕಪ್ಪು ಪಟ್ಟೆ. ಮೇಲುಗೈ ಸಾಧಿಸಿದ ಗಂಡು ಮಾತ್ರ ಪೂರ್ತಿ ಉಲ್ಟಾ, ಮೈಯೆಲ್ಲ ಕಪ್ಪಾಗಿ ತಿಳಿಬಣ್ಣದ ಪಟ್ಟೆ ಬರುತ್ತದೆ. ಮನೆಯವರು ಅಂಥ ಕಪ್ಪು ಗಂಡನ್ನು ತಾವೇ ಹಿಡಿದು ಯಾರಿಗೋ ಕೊಟ್ಟುಬಿಟ್ಟಿದ್ದರು. ಸ್ವಲ್ಪ ದಿನ ಶಾಂತಿ. ಆಮೇಲೆ ಫೋನ್ ಬಂತು, ಈ ಸಲ ರೌಡಿ ಅಂತ ಅಲ್ಲ, "ಒಂದು ಮೀನಿಗೆ ಏನೋ ರೋಗ ಬಂದಿದೆ, ಬಣ್ಣ ಕೆಡ್ತಿದೆ" ಅಂತ. ಹೋಗಿ ಕೂತು ನೋಡಿದೆ. ಹಳದಿ ಮಾಸಿ ಮಾಸಿ ಮೈ ಹೊಗೆ ಹಿಡಿದ ಹಾಗೆ ಆಗಿತ್ತು. ಆದರೆ ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿಕೊಂಡು, ಹಿಂದಿನ ಗಂಡು ನಿಲ್ಲುತ್ತಿದ್ದ ಅದೇ ಚಪ್ಪಟೆ ಕಲ್ಲಿನ ಮುಂದೆ ನಿಂತಿತ್ತು, ಹತ್ತಿರ ಬಂದ ಇನ್ನೊಂದಕ್ಕೆ ಮೈ ಅಡ್ಡ ತಿರುಗಿಸಿ ಬಾಲ ಬೀಸುತ್ತಿತ್ತು. ರೋಗ ಅಲ್ಲ ಸ್ವಾಮಿ, ಪಟ್ಟಾಭಿಷೇಕ! ಎರಡನೇ ನಂಬರಿನ ಗಂಡು ಇಷ್ಟು ದಿನ ಹೆಣ್ಣಿನ ಬಣ್ಣದಲ್ಲಿ ತಲೆ ತಗ್ಗಿಸಿಕೊಂಡು ಇತ್ತು, ಅಷ್ಟೇ.

ಟ್ಯಾಂಗನೀಕಾ ಸರೋವರದ ಬರ್ಟೋನಿ ಅನ್ನುವ ಸಿಕ್ಲಿಡ್‌ನಲ್ಲಿ ಇದು ಇನ್ನೂ ಬೇಗ. ದೊಡ್ಡ ಗಂಡನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಳಗಿನದು ಬಣ್ಣ ಏರಿಸಿಕೊಳ್ಳುತ್ತದೆ. ಇದೇ ಮೀನಿನ ಮೇಲೆ ಸ್ಟ್ಯಾನ್‌ಫರ್ಡ್‌ನವರು ಮಾಡಿದ ಒಂದು ಪ್ರಯೋಗ 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತ್ತು. ಒಂದು ಗಂಡಿಗೆ ಬೇರೆ ಗಂಡುಗಳ ಜಗಳ ತೋರಿಸಿದರು. ಮೊದಲನೆಯದು ಎರಡನೆಯದನ್ನು ಸೋಲಿಸಿತು, ಎರಡನೆಯದು ಮೂರನೆಯದನ್ನು, ಹೀಗೆ ಐದರವರೆಗೆ. ಆಮೇಲೆ ಎರಡನೆಯದು ಮತ್ತು ನಾಲ್ಕನೆಯದನ್ನು ಪಕ್ಕಪಕ್ಕ ಇಟ್ಟರು. ಅವೆರಡು ಜಗಳ ಆಡಿದ್ದನ್ನು ಅದು ನೋಡಿಯೇ ಇರಲಿಲ್ಲ. ಆದರೂ ಸೋಲುವಂಥದ್ದು ಯಾವುದು ಅಂತ ಲೆಕ್ಕ ಹಾಕಿ ಅದರ ಕಡೆಗೇ ಹೋಯಿತು. ಅಂದರೆ ನಾವು ಕೂತು ನೋಡುವುದಿರಲಿ, ಅವೂ ಅಲ್ಲೇ ಕೂತು ಒಬ್ಬರನ್ನೊಬ್ಬರು ನೋಡುತ್ತಿರುತ್ತವೆ. ಟ್ಯಾಂಕಿನಲ್ಲಿರುವ ಪ್ರತಿಯೊಂದಕ್ಕೂ ತನ್ನ ನಂಬರ್ ಎಷ್ಟು ಅಂತ ಗೊತ್ತು.

ಹಾಗಾಗಿ ನಾನು ಮೀನು ಹಿಡಿಯುವ ಬದಲು ಕಲ್ಲು ಎತ್ತುತ್ತೇನೆ. ಎಲ್ಲ ಕಲ್ಲನ್ನೂ ತೆಗೆದು ಬೇರೆ ರೀತಿ ಜೋಡಿಸಿದರೆ ಹಳೆಯ ಗಡಿಗಳೆಲ್ಲ ಅಳಿಸಿಹೋಗುತ್ತವೆ, ರೌಡಿಗೂ ಗೊಂದಲ. ಒಂದು ತುದಿಯಿಂದ ಇನ್ನೊಂದು ತುದಿ ಕಾಣಿಸದ ಹಾಗೆ ಗುಡ್ಡೆ ಮಾಡಬೇಕು, ಕಣ್ಣಿಗೆ ಬಿದ್ದರೆ ತಾನೆ ಅಟ್ಟಿಸಿಕೊಂಡು ಹೋಗುವುದು. ಹೊಸ ಮೀನು ಬಿಡುವುದಿದ್ದರೂ ಇದೇ ಹೊತ್ತಿಗೆ, ಒಂದೊಂದಾಗಿ ಅಲ್ಲ, ನಾಲ್ಕಾರು ಒಟ್ಟಿಗೆ, ಲೈಟ್ ಆರಿಸಿ. ಒಂದು ಗಂಡಿಗೆ ಮೂರಾದರೂ ಹೆಣ್ಣು ಇರಲಿ, ಇಲ್ಲದಿದ್ದರೆ ಇರುವ ಒಂದು ಹೆಣ್ಣಿನ ಗತಿ ಕೇಳಬೇಡಿ. ಹೀಟರ್ 29ರಲ್ಲಿ ಇಟ್ಟವರಿದ್ದಾರೆ. 25 ಡಿಗ್ರಿಗೆ ಇಳಿಸಿದರೆ ಅರ್ಧ ಆವೇಶ ತಾನಾಗಿಯೇ ಇಳಿಯುತ್ತದೆ.

ಮೀನು ಜಾಸ್ತಿ ಹಾಕಿದರೆ ಏಟು ಹಂಚಿಹೋಗುತ್ತದೆ ಅನ್ನುವ ಮಾತೂ ಎಂಬುನಾ ಮಟ್ಟಿಗೆ ನಿಜವೇ. ಡೆಮಾಸೋನಿ ಅನ್ನುವ ಎಂಬುನಾವನ್ನು ಮೂರು ಇಟ್ಟರೆ ಕೊನೆಗೆ ಒಂದೇ ಉಳಿಯುವ ಸಾಧ್ಯತೆ ಜಾಸ್ತಿ, ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಇಟ್ಟರೆ ಯಾರೊಬ್ಬರ ಮೇಲೂ ಸಿಟ್ಟು ನಿಲ್ಲುವುದಿಲ್ಲ. ಆದರೆ ಅಷ್ಟು ಮೀನಿಗೆ ದೊಡ್ಡ ಫಿಲ್ಟರ್ ಬೇಕು, ವಾರ ತಪ್ಪದೆ ನೀರು ಬದಲಿಸಬೇಕು. ಜನ ಮೊದಲ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತಾರೆ.

ಕನ್ವಿಕ್ಟ್ ಜೋಡಿಯದು ಬೇರೆಯೇ ವಿಷಯ. ಮಧ್ಯ ಅಮೆರಿಕದ ಮೀನು, ಕೈಯಷ್ಟೂ ಉದ್ದ ಇಲ್ಲ. "ಎರಡಕ್ಕೂ ತಲೆ ಕೆಟ್ಟಿದೆ" ಅಂತ ಕರೆದರೆ ನಾನು ಹೋಗುವ ಮೊದಲೇ ಊಹಿಸಿರುತ್ತೇನೆ. ಉಳಿದ ಮೀನೆಲ್ಲ ಫಿಲ್ಟರ್ ಪೈಪಿನ ಹಿಂದೆ ಮೇಲಿನ ಮೂಲೆಯಲ್ಲಿ ಒತ್ತಿಕೊಂಡಿರುತ್ತವೆ, ಇಡೀ ಟ್ಯಾಂಕು ಖಾಲಿ. ಕೆಳಗೆ ಬಗ್ಗಿ ನೋಡಿದರೆ ಮಡಕೆಯ ಬಾಯಲ್ಲಿ ಧೂಳಿನ ಹಾಗೆ ಮರಿಗಳ ಗುಂಪು. ಗುಂಪು ಬಿಟ್ಟು ಹೋದ ಮರಿಯನ್ನು ತಾಯಿ ಬಾಯಲ್ಲಿ ಎತ್ತಿಕೊಂಡು ಬಂದು ಗುಂಪಿನೊಳಗೆ ಉಗುಳುತ್ತದೆ, ತಂದೆ ಗಡಿ ಕಾಯುತ್ತದೆ. ಇದನ್ನು ನೋಡಿದ ಮೇಲೆ ಮನೆಯ ಮಕ್ಕಳು ರೌಡಿಗಳ ಪಕ್ಷ ಸೇರಿಬಿಡುತ್ತಾರೆ. ಇಲ್ಲಿ ಟ್ಯಾಂಕಿನ ನಡುವೆ ಗಾಜಿನ ಅಡ್ಡಗೋಡೆ ಹಾಕುವುದೇ ಸರಿ. ಉಳಿದ ಮೀನನ್ನೆಲ್ಲ ಬೇರೆ ಕಡೆ ಸಾಗಿಸಿ ಜೋಡಿಯನ್ನಷ್ಟೇ ಬಿಟ್ಟರೆ ಆರಾಮಾಗಿ ಇರುತ್ತವೆ ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಗಂಡು ಹೆಣ್ಣಿನ ಮೇಲೇ ತಿರುಗಿಬೀಳುತ್ತದೆ. ಗಾಜಿನ ಆಚೆ ನೆರೆಯವರು ಕಾಣುತ್ತಿದ್ದರೆ ಸಿಟ್ಟು ಆ ಕಡೆ ಹೋಗುತ್ತದೆ, ಸಂಸಾರ ಉಳಿಯುತ್ತದೆ.

ಗಾತ್ರ ನೋಡಿ ಸ್ವಭಾವ ಅಳೆಯಬೇಡಿ. ಟ್ಯಾಂಗನೀಕಾದ ಚಿಪ್ಪುವಾಸಿ ಮಲ್ಟಿಫ್ಯಾಸಿಯಾಟಸ್ ಐದು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ, ಖಾಲಿ ಬಸವನಹುಳುವಿನ ಚಿಪ್ಪೇ ಅದರ ಮನೆ. ಮರಳು ಸ್ವಚ್ಛ ಮಾಡಲು ಕೈ ಹಾಕಿದರೆ ನನ್ನ ಬೆರಳಿಗೇ ಬಂದು ಗುದ್ದುತ್ತದೆ. ಅಡಿಯುದ್ದ ಬೆಳೆಯುವ ಆಸ್ಕರ್ ಆದರೋ, ಕಲ್ಲು ಸರಿಸಿದ್ದಕ್ಕೆ ಮುನಿಸಿಕೊಂಡು ಒಂದು ಪಕ್ಕ ಮಲಗಿಬಿಡುತ್ತದೆ, ಸತ್ತೇ ಹೋಯಿತೇನೋ ಅನ್ನುವ ಹಾಗೆ. ಮಾರನೇ ದಿನ ಎದ್ದು ಊಟ ಕೇಳುತ್ತದೆ.

ಗುಣವೇ ಕೆಟ್ಟ ಮೀನು ಇಲ್ಲ ಅಂತ ನಾನು ಹೇಳುತ್ತಿಲ್ಲ, ಇವೆ. ರೆಡ್ ಡೆವಿಲ್, ಫ್ಲವರ್‌ಹಾರ್ನ್ ಥರದವನ್ನು ಒಂಟಿಯಾಗಿಯೇ ಇಡಿ, ಕಲ್ಲು ಜೋಡಿಸಿ ಪ್ರಯೋಜನ ಇಲ್ಲ. ಮೂರು ಸೆಂಟಿಮೀಟರ್ ಇದ್ದಾಗ ಎಲ್ಲವೂ ಮುದ್ದು, ತೊಂದರೆ ಬರುವುದೇ ಅಲ್ಲಿ.

ಬಲೆ ತಕ್ಷಣ ಹೊರಗೆ ಬರಬೇಕಾದ ಒಂದು ಸಂದರ್ಭವೂ ಇದೆ. ಒಂದು ಮೀನು ನೀರಿನ ಮೇಲ್ಭಾಗದ ಮೂಲೆ ಬಿಟ್ಟು ಅಲುಗುತ್ತಿಲ್ಲ, ರೆಕ್ಕೆ ಮೈಗೆ ಅಂಟಿಸಿಕೊಂಡಿದೆ, ಬಾಲ ಹರಿದಿದೆ, ಊಟ ಹಾಕಿದರೂ ಬರುತ್ತಿಲ್ಲ ಅಂದರೆ ಕೂತು ನೋಡುವ ಹೊತ್ತು ಮುಗಿದಿದೆ. ಏಟು ತಿಂದದ್ದನ್ನು ಮೊದಲು ಬೇರೆ ಟ್ಯಾಂಕಿಗೆ ಹಾಕಿ. ಅದೇ ದಿನ ಕಲ್ಲನ್ನೂ ಬದಲಿಸಿ, ಯಾಕೆಂದರೆ ಅದು ಹೋದ ಮೇಲೆ ಏಟು ತಿನ್ನುವ ಸರದಿ ಇನ್ನೊಂದಕ್ಕೆ ಬರುತ್ತದೆ.