ಹುಣ್ಣಿಮೆ ಸೆಳವಿನಲ್ಲಿ ಕೊಮೊಡೊ ಡೈವಿಂಗ್

2024 ಆಗಸ್ಟ್ 20, ಮಂಗಳವಾರ
ಲಾಬುವಾನ್ ಬಾಜೊ, ಫ್ಲೋರೆಸ್ ದ್ವೀಪ, ಇಂಡೊನೇಷ್ಯಾ

ಇವತ್ತು ತೆಗೆದುಕೊಂಡ ಒಳ್ಳೆಯ ನಿರ್ಧಾರ ನೀರಿಗೆ ಇಳಿಯುವ ಮೊದಲೇ ಆಗಿತ್ತು. ಅದನ್ನು ತೆಗೆದುಕೊಂಡದ್ದು ನಮ್ಮ ಗೈಡ್.

ಬೆಳಿಗ್ಗೆ ದೋಣಿ ಗಿಲಿ ಲಾವಾ ಲಾವುತ್ ದ್ವೀಪ ದಾಟಿ ಕ್ಯಾಸಲ್ ರಾಕ್ ಎಂಬ ಮುಳುಗಿದ ಬಂಡೆಯ ಹತ್ತಿರ ನಿಂತಿತು. ಅಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಬಂಡೆಯ ತುದಿ ನೀರಿನಿಂದ ಸುಮಾರು 4 ಮೀಟರ್ ಕೆಳಗೆ ಇದೆ. ನಾವೆಲ್ಲ ಸೂಟ್ ಹಾಕಿ, ಸಿಲಿಂಡರ್ ಕಟ್ಟಿಕೊಂಡು ತಯಾರಾಗಿದ್ದೆವು. ಗೈಡ್ ಮಾತ್ರ ಅಂಚಿನಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದರು. ಒಂದು ಕಡೆ ನೀರು ಉಕ್ಕುತ್ತಿತ್ತು, ಪಕ್ಕದಲ್ಲೇ ನುಣ್ಣಗೆ ಸುತ್ತುತ್ತಿತ್ತು. ಆಮೇಲೆ ಅವರು ಬರೀ ಮಾಸ್ಕ್ ಹಾಕಿ, ಕೈಯಲ್ಲಿ ದೋಣಿಯ ಹಗ್ಗ ಹಿಡಿದು ಇಳಿದರು. ಇಳಿದ ಕೂಡಲೇ ಹಗ್ಗ ಬಿಗಿಯಾಗಿ, ದೇಹ ಅಡ್ಡಕ್ಕೆ ತೇಲಿತು. ಮೇಲೆ ಬಂದು, "ಈಗ ಬೇಡ, ಮುಕ್ಕಾಲು ಗಂಟೆ ಕಾಯೋಣ" ಅಂದರು.

ದೋಣಿಯಲ್ಲಿ ಕೆಲವರ ಮುಖ ಸಣ್ಣದಾಯಿತು. ನನಗಂತೂ ಆ ಕ್ಷಣದಲ್ಲೇ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಸೆಳವಿರುವ ಜಾಗದಲ್ಲಿ ಗೈಡ್ ಎಷ್ಟು ಚೆನ್ನಾಗಿ ಈಜುತ್ತಾರೆ ಅನ್ನುವುದಕ್ಕಿಂತ ಯಾವಾಗ ಬೇಡ ಅನ್ನುತ್ತಾರೆ ಅನ್ನುವುದನ್ನೇ ನಾನು ಮೊದಲು ನೋಡುವುದು.

ಕಾಯಲೇಬೇಕಾದ ಕಾರಣ ಆಕಾಶದಲ್ಲಿತ್ತು. ನಿನ್ನೆ ರಾತ್ರಿ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಎಳೆತ ಒಂದೇ ಗೆರೆಯಲ್ಲಿ ಸೇರುತ್ತದೆ. ಉಬ್ಬರ ಇಳಿತದ ಎತ್ತರ ಹೆಚ್ಚುತ್ತದೆ, ಅಷ್ಟು ನೀರು ಅಷ್ಟೇ ಹೊತ್ತಿನಲ್ಲಿ ಹರಿಯಬೇಕಾದ್ದರಿಂದ ಸೆಳವೂ ಜೋರಾಗುತ್ತದೆ. ಕೊಮೊಡೊದಲ್ಲಿ ಇನ್ನೊಂದು ವಿಷಯವೂ ಇದೆ. ಈ ಭಾಗದಲ್ಲಿ ಪೆಸಿಫಿಕ್ ಸಾಗರದ ಮಟ್ಟ ಹಿಂದೂ ಮಹಾಸಾಗರದ ಮಟ್ಟಕ್ಕಿಂತ ಸ್ವಲ್ಪ ಮೇಲಿರುತ್ತದೆ. ಹಾಗಾಗಿ ಇಂಡೊನೇಷ್ಯಾದ ದ್ವೀಪಗಳ ಸಂದುಗಳಲ್ಲೆಲ್ಲ ನೀರು ಆ ಕಡೆಯಿಂದ ಈ ಕಡೆಗೆ ಹರಿಯುತ್ತಲೇ ಇರುತ್ತದೆ. ಎಲ್ಲ ಸಂದು ಸೇರಿ ಸೆಕೆಂಡಿಗೆ ಸುಮಾರು 15 ದಶಲಕ್ಷ ಘನ ಮೀಟರ್! ಅದರ ದೊಡ್ಡ ಪಾಲು ಲೊಂಬೊಕ್, ಒಂಬೈ ಜಲಸಂಧಿಗಳಲ್ಲಿ ಮತ್ತು ತಿಮೋರ್ ಪಕ್ಕದಲ್ಲಿ ಹೋಗುತ್ತದೆ. ಸುಂಬಾವಾ ಮತ್ತು ಫ್ಲೋರೆಸ್ ನಡುವಿನ ಈ ಸಣ್ಣ ದ್ವೀಪಗಳ ಗುಂಪಿಗೆ ಸಿಗುವುದು ಅದರ ಚೂರು. ಆ ಚೂರಿನ ಜೊತೆ ಉಬ್ಬರ ಇಳಿತ ಸೇರಿ, ಇಕ್ಕಟ್ಟಾದ ಜಾಗದಲ್ಲಿ ನುಗ್ಗಿದಾಗ ಇವತ್ತಿನಂಥ ನೀರು ಆಗುತ್ತದೆ.

ಸೆಳವಿನ ಬಲದ ಲೆಕ್ಕ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ವೇಗ ಎರಡು ಪಟ್ಟಾದರೆ ಮೈಮೇಲೆ ಬೀಳುವ ತಳ್ಳು ನಾಲ್ಕು ಪಟ್ಟಾಗುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್, ನಿಧಾನ ನಡಿಗೆಗಿಂತಲೂ ಕಡಿಮೆ. ಆದರೂ ಇಷ್ಟೆಲ್ಲ ಸಲಕರಣೆ ಹೊತ್ತುಕೊಂಡು ಅಷ್ಟು ವೇಗದ ನೀರಿಗೆ ಎದುರಾಗಿ ಈಜಿದರೆ ಬೇಗ ಉಸಿರು ಕಟ್ಟುತ್ತದೆ. ಎರಡು ನಾಟ್ ಬಂದರೆ ಈಜುವ ಮಾತೇ ಇಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಮತ್ತೆ ನೋಡಿ, "ಈಗ ಸರಿ" ಅಂದರು. ಸೆಳವು ನಿಂತಿರಲಿಲ್ಲ, ತಗ್ಗಿತ್ತು ಅಷ್ಟೇ.

ದೋಣಿ ನಮ್ಮನ್ನು ಬಂಡೆಗಿಂತ ಮುಂದೆ, ಸೆಳವು ಬರುವ ಕಡೆಗೆ ಕರೆದೊಯ್ದು ಬಿಟ್ಟಿತು. ಬಿಸಿಡಿ ಅಂದರೆ ಗಾಳಿ ತುಂಬಿ ತೇಲಲು, ಬಿಟ್ಟು ಮುಳುಗಲು ಬಳಸುವ ಜಾಕೆಟ್; ಅದರಲ್ಲಿ ಚೂರೂ ಗಾಳಿ ಇಲ್ಲದೆ, ಎಲ್ಲರೂ ಒಟ್ಟಿಗೆ ಹಿಂದಕ್ಕೆ ಉರುಳಿ ನೇರ ಕೆಳಗೆ. ಇಲ್ಲಿ ನೀರಿನ ಮೇಲೆ ತೇಲುತ್ತ ಒಬ್ಬರನ್ನೊಬ್ಬರು ಕಾಯುವ ಹಾಗಿಲ್ಲ. ಅಷ್ಟರಲ್ಲಿ ಬಂಡೆ ಹಿಂದೆ ಹೋಗಿರುತ್ತದೆ. ನಾನೂ ತಂಗಿಯೂ ಕೈಯಳತೆಯಲ್ಲಿ ಇಳಿದೆವು. ಕಿವಿಯ ಒತ್ತಡ ಸರಿ ಮಾಡಿಕೊಳ್ಳುತ್ತ ಇಳಿಯುತ್ತಿದ್ದಂತೆ ನೀಲಿಯೊಳಗಿಂದ ಬಂಡೆ ಎದುರಿಗೆ ಬಂತು.

ಸೆಳವು ಬಂಡೆಗೆ ಬಡಿದು ಎರಡಾಗಿ ಒಡೆಯುವ ಒಂದು ಜಾಗ ಇರುತ್ತದೆ. ಅಲ್ಲಿಂದ ಚೂರು ಎಡಕ್ಕೆ ಹೋದರೆ ಎಡಕ್ಕೆ ಒಯ್ಯುತ್ತದೆ, ಬಲಕ್ಕೆ ಹೋದರೆ ಬಲಕ್ಕೆ. ನಡುವೆ ನಿಲ್ಲಬಹುದು. ಕ್ಯಾಸಲ್ ರಾಕ್ ನೋಡಬೇಕಾದದ್ದು ಅಲ್ಲಿಂದಲೇ. 20 ಮೀಟರ್ ಆಳದಲ್ಲಿ ಗೈಡ್ ಒಂದು ಬರಿಯ ಕಲ್ಲಿನ ಅಂಚು ತೋರಿಸಿದರು. ಅಲ್ಲೇ ರೀಫ್ ಹುಕ್ ಸಿಕ್ಕಿಸಿದೆವು. ಸ್ಟೀಲ್ ಕೊಕ್ಕೆ, ಅದಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ಬಿಸಿಡಿಯ ಮುಂದಿನ ಉಂಗುರಕ್ಕೆ. ಜಾಕೆಟ್‌ಗೆ ಸ್ವಲ್ಪ ಗಾಳಿ ತುಂಬಿದರೆ ದೇಹ ಗಾಳಿಪಟದ ಹಾಗೆ ಬಂಡೆಯಿಂದ ಮೇಲೆದ್ದು ನಿಲ್ಲುತ್ತದೆ. ಕೈ ಕಾಲು ಯಾವುದಕ್ಕೂ ಕೆಲಸವಿಲ್ಲ. ಕೊಕ್ಕೆ ಹಾಕುವ ಮೊದಲು ಕಲ್ಲನ್ನು ಕಣ್ಣಿಟ್ಟು ನೋಡಲೇಬೇಕು. ಜೀವ ಇರುವ ಹವಳಕ್ಕೆ ಕೊಕ್ಕೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಕಾಲದಲ್ಲಿ ಈ ಭಾಗದಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದರು. ಅದರಿಂದ ಪುಡಿಯಾದ ಹವಳದ ರಾಶಿಗಳು ಕೆಲವು ಕಡೆ ಇನ್ನೂ ಹಾಗೇ ಬಿದ್ದಿವೆ. ಉಳಿದದ್ದನ್ನು ನಾವು ಒಂದು ಫೋಟೋಕ್ಕಾಗಿ ಮುರಿಯಬಾರದು.

ಇನ್ನು ನೋಡಿದ್ದರ ಬಗ್ಗೆ. ಫ್ಯುಸಿಲಿಯರ್ ಮೀನಿನ ಹಿಂಡು ಬಂಡೆಯ ಮುಂದೆ ದಟ್ಟವಾಗಿ, ಎಲ್ಲವೂ ಸೆಳವಿಗೆ ಮುಖ ಮಾಡಿ ನಿಂತಿತ್ತು. ಸೆಳವು ಹೊತ್ತು ತರುವ ಪ್ಲಾಂಕ್ಟನ್ ಎಂಬ ಪುಟ್ಟ ಜೀವಿಗಳೇ ಅವುಗಳ ಊಟ. ಅವುಗಳನ್ನು ತಿನ್ನಲು ಜೈಂಟ್ ಟ್ರೆವಲಿ ಎಂಬ ದೊಡ್ಡ ಬೇಟೆ ಮೀನುಗಳು ಬಂದವು. ಮೊದಲು ನಿಧಾನವಾಗಿ, ಬಂಡೆಯ ಎರಡೂ ಕಡೆಯಿಂದ. ಆಮೇಲೆ ಒಂದು ನುಗ್ಗಿತು. ಇಡೀ ಹಿಂಡು ಒಮ್ಮೆಲೇ ತಿರುಗಿದಾಗ ಆದ ಸದ್ದು ಎದೆಗೆ ತಟ್ಟಿತು. ನೀಲಿಯ ಅಂಚಿನಲ್ಲಿ ಗ್ರೇ ರೀಫ್ ಶಾರ್ಕ್‌ಗಳು ಬಾಲ ಹೆಚ್ಚು ಅಲ್ಲಾಡಿಸದೆ ತೂಗುತ್ತಿದ್ದವು. ನಾವು ಹಗ್ಗ ಕಟ್ಟಿಕೊಂಡು ನಿಂತ ನೀರಿನಲ್ಲಿ ಅವು ವಿಶ್ರಾಂತಿ ತೆಗೆದುಕೊಳ್ಳುತ್ತಿರುವಂತೆ ಕಂಡವು. ನಾನು ಎಷ್ಟು ಹೊತ್ತು ನೋಡಿದರೂ ಸಾಕೆನಿಸಲಿಲ್ಲ. ಸೆಳವು ಪೂರ್ತಿ ನಿಂತ ಹೊತ್ತಿನಲ್ಲಿ ಇದೇ ಬಂಡೆಗೆ ಬಂದರೆ ಮೀನುಗಳು ಚದುರಿಹೋಗಿರುತ್ತವೆ, ಈ ಬೇಟೆ ಕಾಣುವುದು ಅಪರೂಪ. ಹಾಗಾಗಿ ಬೇಕಾದದ್ದು ಸೆಳವು ಇಲ್ಲದ ಹೊತ್ತಲ್ಲ, ನಮ್ಮಿಂದ ತಡೆಯಲು ಆಗುವಷ್ಟು ಸೆಳವಿರುವ ಹೊತ್ತು. ಆ ಸಮಯದ ಕಿಟಕಿ ಚಿಕ್ಕದು. ಬೆಳಿಗ್ಗೆ ಗೈಡ್ ಕಾದದ್ದು ಇದಕ್ಕೇ.

ಹುಕ್‌ನಲ್ಲಿ ನಿಂತಾಗ ತಲೆ ನೇರ ಇರಬೇಕು. ಪಕ್ಕಕ್ಕೆ ತಿರುಗಿಸಿದರೆ ಸೆಳವು ಮಾಸ್ಕ್‌ನ ಅಂಚು ಎತ್ತುತ್ತದೆ, ನೀರು ನುಗ್ಗುತ್ತದೆ. ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್‌ನ ಗುಂಡಿಯ ಮೇಲೆ ನೀರು ಒತ್ತಿ ಗಾಳಿ ತಾನಾಗಿ ಸುರಿಯುವುದೂ ಉಂಟು. ಎಲ್ಲಕ್ಕಿಂತ ಮುಖ್ಯ ಉಸಿರು. 11 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಅಂದರೆ ಸುಮಾರು 2,200 ಲೀಟರ್ ಗಾಳಿ. 20 ಮೀಟರ್‌ನಲ್ಲಿ ಒತ್ತಡ 3 ಬಾರ್, ಆದ್ದರಿಂದ ಮೇಲೆ ನಿಮಿಷಕ್ಕೆ 15 ಲೀಟರ್ ಸಾಕಾಗುವವರಿಗೆ ಅಲ್ಲಿ 45 ಬೇಕು. ಅದು ಸುಮ್ನೆ ನಿಂತಿದ್ದರೆ. ಸೆಳವಿನ ಜೊತೆ ಗುದ್ದಾಡಿದರೆ ಅದಕ್ಕೂ ಎಷ್ಟೋ ಜಾಸ್ತಿ. ಗಾಳಿ ಖಾಲಿಯಾಗುವುದಕ್ಕಿಂತ ಮೊದಲು ಇನ್ನೊಂದು ಅಪಾಯ ಬರುತ್ತದೆ. ದುಡಿಮೆ ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಎಷ್ಟು ಎಳೆದರೂ ಉಸಿರು ಸಾಲದು ಅನ್ನಿಸುತ್ತದೆ, ಕಾರಣವೇ ಇಲ್ಲದೆ ಗಾಬರಿ ಹುಟ್ಟುತ್ತದೆ. ಅಂಥ ಗಾಬರಿಯಲ್ಲಿ ಮೇಲಕ್ಕೆ ಓಡುವುದೇ ದೊಡ್ಡ ಅನಾಹುತ. ಅದಕ್ಕೇ ಹುಕ್ ಅನ್ನು ನಾನು ಆಟದ ಸಾಮಾನು ಅಂದುಕೊಳ್ಳುವುದಿಲ್ಲ.

ಬಿಡಿಸುವ ಮೊದಲು ತುಂಬಿದ ಗಾಳಿ ಪೂರ್ತಿ ಹೊರಗೆ ಬಿಟ್ಟೆವು. ಇಲ್ಲದಿದ್ದರೆ ಕೊಕ್ಕೆ ಕಳಚಿದ ಕೂಡಲೇ ದೇಹ ಮೇಲಕ್ಕೆ ಚಿಮ್ಮುತ್ತದೆ. ಸೆಳವು ನೇರ ತಟ್ಟದ ಬಂಡೆಯ ಮರೆಗೆ ಜಾರಿ, ನಿಧಾನವಾಗಿ ಏರಿ, ನೀಲಿಯಲ್ಲಿ ಮಾರ್ಕರ್ ಬಲೂನ್ ಬಿಟ್ಟು, 5 ಮೀಟರ್‌ನಲ್ಲಿ 3 ನಿಮಿಷ ನಿಂತು ಮೇಲೆ ಬಂದೆವು. ದೋಣಿ ಬಲೂನನ್ನು ಹಿಂಬಾಲಿಸಿಕೊಂಡೇ ಬಂದಿತ್ತು.

"ಅಕ್ಕಾ, ಇನ್ನೈದು ನಿಮಿಷ ಇರಬಹುದಿತ್ತಲ್ವಾ? ನನ್ನ ಹತ್ರ 90 ಬಾರ್ ಇತ್ತು."

"ಗಾಳಿ ಇತ್ತು ಕಣೇ. ಹಗ್ಗ ಬಿಗಿಯಾಗ್ತಾ ಬಂದಿದ್ದು ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತಂತೆ. ಆದರೂ ಆಸೆ.

ಮಧ್ಯಾಹ್ನ ಬಾತು ಬೊಲೊಂಗ್. ನೀರಿನ ಮೇಲೆ ಕಾಣುವುದು ತೂತಿರುವ ಒಂದು ಪುಟ್ಟ ಬಂಡೆ, ಕೆಳಗೆ ನೇರ ಗೋಡೆ ತೀರಾ ಆಳಕ್ಕೆ ಹೋಗುತ್ತದೆ. ಇಲ್ಲಿ ಕ್ರಮವೇ ಬೇರೆ. ಇಡೀ ಡೈವ್ ಬಂಡೆಯ ಮರೆಯಲ್ಲೇ. ಆಳದಿಂದ ಶುರು ಮಾಡಿ ಆಚೆ ಈಚೆ ಅಡ್ಡಾಡುತ್ತ ಮೇಲೇರಬೇಕು. ಎರಡು ಮೂಲೆಗಳನ್ನು ಮಾತ್ರ ದಾಟಬಾರದು. ದಾಟಿದರೆ ಸೆಳವು ಗೋಡೆಯ ಉದ್ದಕ್ಕೂ ಕೆಳಗೆ ಎಳೆಯುತ್ತದೆ.

ಮೂಲೆ ಎಲ್ಲಿದೆ ಅಂತ ಯಾರೂ ಗೆರೆ ಎಳೆದಿರುವುದಿಲ್ಲ. ಆದರೆ ಆಂಥಿಯಾಸ್ ಮೀನುಗಳು ಹೇಳುತ್ತವೆ. ಮರೆಯಲ್ಲಿ ಆ ಕಿತ್ತಳೆ ಬಣ್ಣದ ಪುಟ್ಟ ಮೀನುಗಳು ಬಂಡೆಯಿಂದ ದೂರ ಹರಡಿ ಎಲ್ಲ ದಿಕ್ಕಿಗೂ ಆಡುತ್ತಿದ್ದವು. ಮೂಲೆ ಹತ್ತಿರವಾದಂತೆ ಎಲ್ಲವೂ ಹವಳಕ್ಕೆ ಒತ್ತಿಕೊಂಡು ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಅದನ್ನು ಕಂಡಲ್ಲೇ ತಿರುಗಬೇಕು. ಗೈಡ್ ಒಮ್ಮೆ ತಮ್ಮ ಗುಳ್ಳೆಗಳ ಕಡೆ ಬೆರಳು ತೋರಿಸಿದರು. ಬಾಯಿಂದ ಬಿಟ್ಟ ಗುಳ್ಳೆಗಳು ಸ್ವಲ್ಪ ಏರಿ, ಅಲುಗಾಡಿ, ಕೆಳಕ್ಕೆ ಇಳಿಯುತ್ತಿದ್ದವು. ಗುಳ್ಳೆ ಕೆಳಗೆ ಹೋಗುವುದನ್ನು ಕಂಡಾಗ ಮೈ ಜುಮ್ ಅಂದಿತು. ಅದರ ಹಿಂದೆಯೇ ಕಿವಿ ಒತ್ತಿತು, ಆಳ ತೋರಿಸುವ ಡೈವ್ ಕಂಪ್ಯೂಟರ್‌ನಲ್ಲಿ 14 ಮೀಟರ್ ಇದ್ದದ್ದು 16 ಆಯಿತು. ತಂಗಿಯ ತೋಳು ಹಿಡಿದು ಬಂಡೆಯ ಹತ್ತಿರ ಸರಿದು, ಬರಿಯ ಕಲ್ಲು ಹಿಡಿದು, ಬಂದ ದಾರಿಯಲ್ಲೇ ಕೈಯಿಂದ ಕೈಗೆ ಮರೆಗೆ ವಾಪಸಾದೆವು. ಗೋಡೆಗೆ ತೀರಾ ಅಂಟಿಕೊಂಡಲ್ಲಿ ನೀರು ಸ್ವಲ್ಪ ನಿಧಾನ. ಹಿಡಿಯಲು ಏನೂ ಸಿಗದಿದ್ದರೆ ಗೋಡೆಯಿಂದ ದೂರಕ್ಕೆ ಅಡ್ಡ ಈಜಬೇಕು. ನೇರ ಮೇಲಕ್ಕೆ ಈಜಿ ಗೆಲ್ಲಲು ಹೋಗಬಾರದು. ಜಾಕೆಟ್‌ಗೆ ಗಾಳಿ ತುಂಬಿದರೂ, ಸೆಳವು ಬಿಟ್ಟ ಕ್ಷಣ ಅದನ್ನು ಖಾಲಿ ಮಾಡಲು ಕೈ ತಯಾರಿರಬೇಕು.

ಉಳಿದ ಹೊತ್ತು ಮೇಲಿನ ಹವಳದಲ್ಲೇ ಕಳೆದೆವು. 5 ಮೀಟರ್‌ನಲ್ಲಿ ಇಷ್ಟು ದಟ್ಟ ಹವಳ ನಾನು ಬೇರೆಲ್ಲೂ ನೋಡಿಲ್ಲ. ಸೆಳವು ಅದಕ್ಕೆ ಊಟ ತಂದುಕೊಡುತ್ತದೆ, ಕಸ ಕೂರಲು ಬಿಡುವುದಿಲ್ಲ.

ಓದುವವರಲ್ಲಿ ಡೈವಿಂಗ್ ಹೊಸದಾಗಿ ಕಲಿತವರು ಇದ್ದರೆ ಒಂದು ಮಾತು. ಓಪನ್ ವಾಟರ್, ಅಂದರೆ ಮೊದಲ ಹಂತದ ಡೈವಿಂಗ್ ಕಾರ್ಡ್‌ನಲ್ಲಿರುವ 18 ಮೀಟರ್ ಆಳದ ಬಗ್ಗೆ ಹೇಳುತ್ತದೆ, ಸೆಳವಿನ ಬಗ್ಗೆ ಏನೂ ಹೇಳುವುದಿಲ್ಲ. ನಿಂತ ನೀರಿನಲ್ಲಿ ಕೈ ಆಡಿಸದೆ ಒಂದೇ ಎತ್ತರದಲ್ಲಿ ನಿಲ್ಲಲು ಬರುವವರೆಗೆ, ಬಲೂನ್ ತಾವೇ ಬಿಡಲು ಬರುವವರೆಗೆ ಈ ಎರಡು ಬಂಡೆಗಳನ್ನು ಬಿಟ್ಟುಬಿಡಿ. ಕೊಮೊಡೊದಲ್ಲಿ ಸೌಮ್ಯವಾದ ಜಾಗಗಳೂ ಬೇಕಾದಷ್ಟಿವೆ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಾಳೆ ಕ್ಯಾಸಲ್ ರಾಕ್‌ನ ಕಿಟಕಿ ಇನ್ನೂ ತಡ. ಬೆಳಿಗ್ಗೆ ಮೊದಲು ಕರಾಂಗ್ ಮಕಾಸರ್‌ಗೆ ಮಂಟಾ ರೇ ಮೀನು ನೋಡಲು ಹೋಗಿ, ಆಮೇಲೆ ಕ್ಯಾಸಲ್ ರಾಕ್‌ಗೆ ಬರುವುದು ಅಂತ ಗೈಡ್ ಹೇಳಿದ್ದಾರೆ. ನೀರು ಒಪ್ಪಿದರೆ ಮಾತ್ರ.