ಪಿಂಗ್ಯಾವೊ ಕೋಟೆಯೊಳಗೆ ಎರಡು ದಿನ

ಚೀನಾದ ಶಾನ್ಸಿ ಪ್ರಾಂತ್ಯದ ಪಿಂಗ್ಯಾವೊ ನಗರಕ್ಕೆ ನಾನು ತೈಯುವಾನ್‌ನಿಂದ ಸಾಮಾನ್ಯ ರೈಲಿನಲ್ಲಿಯೇ ಹೋದೆ. ಆ ರೈಲು ನಿಲ್ಲುವ ಹಳೆಯ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದಾದ್ದರಿಂದ ಟ್ಯಾಕ್ಸಿಯ ಖರ್ಚೂ ಉಳಿಯಿತು. ಅಂಗಳದ ಸುತ್ತ ಕಟ್ಟಿದ ಹಳೆಯ ಮನೆಯೊಂದರ ಅಗ್ಗದ ಕೋಣೆಯಲ್ಲಿ, ಚಳಿಗಾಲದಲ್ಲಿ ಅಡಿಯಿಂದ ಬಿಸಿ ಹಾಯಿಸುವ ಇಟ್ಟಿಗೆಯ ಜಗಲಿಯೇ ಹಾಸಿಗೆಯಾಗಿತ್ತು.

ಮಿಂಗ್ ಅರಸರ ಕಾಲದಲ್ಲಿ, 1370ರಲ್ಲಿ ವಿಸ್ತರಿಸಿ ಕಟ್ಟಿದ ಈ ಗೋಡೆಯ ಸುತ್ತಳತೆ ಸುಮಾರು 6 ಕಿಲೋಮೀಟರ್. ಇದರ 72 ಕಾವಲು ಗೋಪುರಗಳು ಮತ್ತು 3,000 ತೆನೆಗಳು ಕನ್‌ಫ್ಯೂಷಿಯಸ್‌ನ 72 ಜ್ಞಾನಿಗಳನ್ನೂ 3,000 ಶಿಷ್ಯರನ್ನೂ ಸೂಚಿಸುತ್ತವೆ ಎನ್ನುತ್ತಾರೆ. ಹೊರಗೆ ಇಟ್ಟಿಗೆ, ಒಳಗೆ ಬಡಿದು ಗಟ್ಟಿಮಾಡಿದ ಮಣ್ಣು. 2021ರ ಅಕ್ಟೋಬರಿನ ಮಳೆಗೆ ಒಂದು ಭಾಗ ಕುಸಿದದ್ದು ಈ ಮಣ್ಣು ನೀರು ಕುಡಿದದ್ದರಿಂದಲೇ.

ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ರಿಷೆಂಗ್‌ಚಾಂಗ್. ಬಣ್ಣದ ವ್ಯಾಪಾರದಿಂದ ಬೆಳೆದು 1823ರ ಸುಮಾರಿಗೆ ಆರಂಭವಾದ ಈ ಹುಂಡಿ (ಒಂದೂರಿನಲ್ಲಿ ಕಟ್ಟಿದ ಹಣವನ್ನು ಇನ್ನೊಂದೂರಿನಲ್ಲಿ ಪಡೆಯುವ ಚೀಟಿ) ಅಂಗಡಿ, ಬೆಳ್ಳಿಯನ್ನು ಹೊತ್ತು ಸಾಗಿಸುವ ಅಪಾಯವನ್ನು ಒಂದು ಕಾಗದದ ಚೀಟಿಯಿಂದ ತಪ್ಪಿಸಿತು. ಚೀಟಿಯಲ್ಲಿ ತಿಂಗಳು, ದಿನ, ಮೊತ್ತಗಳನ್ನು ಗುಪ್ತಾಕ್ಷರಗಳಲ್ಲಿ ಬರೆಯುತ್ತಿದ್ದರು. ಅವು ಸೇರಿ ಪದ್ಯದ ಸಾಲುಗಳಂತೆ ಓದಿಸಿಕೊಳ್ಳುತ್ತಿದ್ದವು. ಹುಂಡಿಯ ಪರಿಚಯವಿರುವ ನಾಡಿನಿಂದ ಬಂದ ನನಗೆ ಆ ಕತ್ತಲ ಕೋಣೆಗಳು ಅಪರಿಚಿತವೆನಿಸಲಿಲ್ಲ.

ಕೋಟೆಯ ಬೀದಿಗಳಲ್ಲಿ ಓಡಾಡಲು ಶುಲ್ಕವಿಲ್ಲ. ಗೋಡೆಯ ಮೇಲೇರಲು ಮತ್ತು ಹುಂಡಿ ಅಂಗಡಿಯನ್ನು ನೋಡಲು ಒಂದೇ ಚೀಟಿ ಕೊಂಡರೆ ಸಾಕು. ಆ ಖರ್ಚನ್ನು ಮಾತ್ರ ಉಳಿಸಬೇಡಿ.