ಭೋಗ್ಯದ ಮನೆಗೆ ಕಾಲಂ ಎಲ್ಲಿದೆ? ಅಕ್ಕನ ಮಗಳ ಅಡ್ಮಿಷನ್ ಪ್ರಾಜೆಕ್ಟ್, ನವೆಂಬರ್‌ವರೆಗೆ

ಆಗಸ್ಟ್ 2025

ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಫಿಸಿಕ್ಸ್ ಓದುತ್ತಾಳಂತೆ, ಇಂಜಿನಿಯರಿಂಗ್ ಬೇಡವಂತೆ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವನು. ಹಗಲೆಲ್ಲ ಬೇರೆಯವರ ರಿಟರ್ನ್ ತುಂಬಿ, ಸಂಜೆ ಮನೆಗೆ ಬಂದು ಇನ್ನೊಂದು ಫಾರಂ ತುಂಬುವ ಹುಚ್ಚು ಯಾಕೆ ಅಂತ ಹೆಂಡತಿ ಕೇಳಿದಳು. ಆದರೆ ಒಬ್ಬ ಕನ್ಸಲ್ಟೆಂಟ್ ಹೇಳಿದ ಫೀಸು ಕೇಳಿದ ಮೇಲೆ, ಇದನ್ನು ನಾವೇ ಮಾಡಿಕೊಳ್ಳೋಣ ಅಂತ ಕೂತೆವು.

ಪಟ್ಟಿ ಇಷ್ಟು. ಅಮೆರಿಕದಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್. ಇಲ್ಲಿ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಐಐಎಸ್‌ಸಿಯ 4 ವರ್ಷದ ಕೋರ್ಸು. ಏನೂ ಆಗದಿದ್ದರೆ ಯುಯುಸಿಎಂಎಸ್‌ನಲ್ಲಿ (ರಾಜ್ಯದ ಡಿಗ್ರಿ ಪ್ರವೇಶದ ಪೋರ್ಟಲ್) ಹಾಕಿ ಸರ್ಕಾರಿ ಕಾಲೇಜಿನಲ್ಲಿ ಬಿಎಸ್‌ಸಿ. ಸಿಇಟಿನೂ ಬರೆಯುತ್ತಾಳೆ, ಅದು ಭಾವನ ಸಮಾಧಾನಕ್ಕೆ.

ಆ ನಾಲ್ಕೇ ಯಾಕೆ ಅಂದರೆ, ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಹೊರದೇಶದ ಮಕ್ಕಳು ಹಣದ ನೆರವು ಕೇಳಿದರೆ ಸೀಟು ಸಿಗುವುದೇ ಕಷ್ಟವಾಗುತ್ತದೆ. ಈ ನಾಲ್ಕರಲ್ಲಿ ಹಾಗಿಲ್ಲ. ಸೀಟು ಕೊಡುವಾಗ ದುಡ್ಡಿನ ವಿಷಯ ನೋಡುವುದಿಲ್ಲ, ಕೊಟ್ಟ ಮೇಲೆ ಮನೆಯವರಿಗೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟನ್ನೂ ಅವರೇ ತುಂಬುತ್ತಾರೆ. ವರ್ಷದ ಖರ್ಚು 80 ಸಾವಿರ ಡಾಲರ್ ದಾಟುತ್ತದೆ, ಅಂದರೆ 70 ಲಕ್ಷ ರೂಪಾಯಿಗೂ ಜಾಸ್ತಿ. ಹಾರ್ವರ್ಡ್ ಮತ್ತು ಎಂಐಟಿ ಈ ವರ್ಷದಿಂದ, ಸಾಮಾನ್ಯ ಆಸ್ತಿ ಇದ್ದು 1 ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯ ಇರುವ ಮನೆಯಿಂದ ಏನೂ ತಗೊಳ್ಳುವುದಿಲ್ಲ ಅಂತ ಹೇಳಿವೆ. 1 ಲಕ್ಷ ಡಾಲರ್ ಅಂದರೆ ಸುಮಾರು 88 ಲಕ್ಷ ಅಂತ ಭಾವನಿಗೆ ಹೇಳಿದೆ. "ಅಷ್ಟು ದುಡಿಯೋನು ಅಲ್ಲಿ ಬಡವನಾ?" ಅಂದರು.

ಸೀಟು ಸಿಗುವುದು ಲಾಟರಿಗಿಂತ ಸ್ವಲ್ಪ ಮೇಲು, ಅಷ್ಟೇ. ಅದು ಅವಳಿಗೂ ಗೊತ್ತು.

ಸೆಪ್ಟೆಂಬರ್

ಈ ತಿಂಗಳು ಪೂರ್ತಿ ಕಾಗದಕ್ಕೆ ಅಲೆದಾಟ. ಕಾಮನ್ ಆ್ಯಪ್ ಅಂದರೆ ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟು, ಅದಕ್ಕೆ 9ನೇ ತರಗತಿಯಿಂದಲೇ ಅಂಕ ಬೇಕು. ನಮ್ಮಲ್ಲಿ 9ನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ಯಾರು ಇಟ್ಟುಕೊಂಡಿರುತ್ತಾರೆ? ಹೈಸ್ಕೂಲಿನ ಗುಮಾಸ್ತರು ಹಳೇ ರಿಜಿಸ್ಟರ್ ತೆಗೆದು, ಧೂಳು ಕೊಡವಿ, ಲೆಟರ್‌ಹೆಡ್ ಮೇಲೆ ಬರೆದುಕೊಟ್ಟರು. ಒಳ್ಳೆಯ ಮನುಷ್ಯ.

ಪಿಯು ಕಾಲೇಜಿನಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ, ಆ ಜಾಗಕ್ಕೆ ಪ್ರಿನ್ಸಿಪಾಲರೇ ಬೇಕು. ಅವರು ಮೊದಲು ಕೇಳಿದ್ದು, "ಟಿಸಿ ಬೇಕಾ?" ಅಂತ. ಟಿಸಿ ಬೇಡ ಸಾರ್, ನಿಮ್ಮ ಇಮೇಲಿಗೆ ಒಂದು ಲಿಂಕ್ ಬರುತ್ತೆ, ಅದರಲ್ಲಿ ಇವಳ ಬಗ್ಗೆ ನಾಲ್ಕು ಮಾತು ಬರೀಬೇಕು, ಅರ್ಜಿ ಶುಲ್ಕ ಕಟ್ಟಲಾಗದ ಮನೆ ಅಂತ ಒಪ್ಪಿಗೆ ಹಾಕಬೇಕು ಅಂತ ವಿವರಿಸಿದೆ. ಅರ್ಥವಾದ ಮೇಲೆ ಅವರಿಗೇ ಹುರುಪು ಬಂತು, ಫಿಸಿಕ್ಸ್ ಮೇಷ್ಟ್ರನ್ನೂ ಅವರೇ ಕರೆಸಿದರು.

650 ಪದದ ಪ್ರಬಂಧ ಅವಳದೇ, ನಾನು ಕೈ ಹಾಕಿಲ್ಲ. ಎಂಐಟಿಗೆ ಮಾತ್ರ ಅವರದೇ ಬೇರೆ ಅರ್ಜಿ. ಅಲ್ಲಿನ ಕಾಲೇಜುಗಳಿಗೆ ಬರೆಯುವ ಎಸ್‌ಎಟಿ ಪರೀಕ್ಷೆ ಅಕ್ಟೋಬರ್ 4ಕ್ಕೆ.

ಅಕ್ಟೋಬರ್

ನನ್ನ ಕೆಲಸ ಶುರುವಾಗಿದ್ದು ಈಗ. ಹಣದ ನೆರವು ಕೇಳಲು ಎಫ್‌ಎಎಫ್‌ಎಸ್‌ಎ ಅನ್ನುವ ಸರ್ಕಾರಿ ಫಾರಂ ಇದೆ, ನಮಗಲ್ಲ, ಅದು ಅಮೆರಿಕದ ನಾಗರಿಕರಿಗೆ ಮತ್ತು ಅಲ್ಲೇ ನೆಲೆಸಿದ ಕೆಲವರಿಗೆ. ನಮಗೆ ಸಿಎಸ್‌ಎಸ್ ಪ್ರೊಫೈಲ್, ಮನೆಯ ಆದಾಯ, ಆಸ್ತಿ, ಸಾಲ ಎಲ್ಲ ಕೇಳುವ ಆನ್‌ಲೈನ್ ಫಾರಂ, ಅಕ್ಟೋಬರ್ 1ಕ್ಕೆ ತೆರೆಯಿತು. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೆ 16. ಪ್ರಿನ್ಸ್‌ಟನ್‌ಗೆ ಇದು ಬೇಡ, ಅವರದೇ ಫಾರಂ ಇದೆ, ಪುಕ್ಕಟೆ.

ಮೊದಲ ತಲೆನೋವು ವರ್ಷ. ಅವರು ಕೇಳುವುದು 2024ರ ಜನವರಿಯಿಂದ ಡಿಸೆಂಬರ್. ನಮ್ಮ ಲೆಕ್ಕವೆಲ್ಲ ಏಪ್ರಿಲ್‌ನಿಂದ ಮಾರ್ಚ್. ಅದರಲ್ಲೂ ಅಕ್ಕನದು ಕಾಮಾಕ್ಷಿಪಾಳ್ಯದಲ್ಲಿ ಟೈಲರಿಂಗ್ ಅಂಗಡಿ, ಭಾವನದು ಗೂಡ್ಸ್ ಆಟೋ. ಇಬ್ಬರದೂ ಆ ವರ್ಷದ 3 ಲಕ್ಷದ ತೆರಿಗೆ ಮಿತಿಯೊಳಗೆ, ರಿಟರ್ನ್ ಹಾಕಿಲ್ಲ. ಸಂಬಳದ ಚೀಟಿ ಅನ್ನುವುದು ಆ ಮನೆಗೆ ಯಾವತ್ತೂ ಬಂದಿಲ್ಲ.

ದಾರಿ ಸಿಕ್ಕಿದ್ದು ಅಕ್ಕನ ಅಳತೆ ಪುಸ್ತಕದಲ್ಲಿ. ಉದ್ದನೆಯ ರೂಲ್ಡ್ ಪುಸ್ತಕ, ಪ್ರತಿ ಆರ್ಡರ್ ಪಕ್ಕ ಬಟ್ಟೆಯ ಚೂರಿಗೆ ಗುಂಡುಪಿನ್ನು ಚುಚ್ಚಿರುತ್ತಾಳೆ. "ಎದೆ 36, ತೋಳು 11, ಲೈನಿಂಗ್, ಅಡ್ವಾನ್ಸ್ 200, ಬಾಕಿ 350." ಬಾಕಿ ಬಂದ ಮೇಲೆ ಅಡ್ಡಗೆರೆ. ಗೆರೆ ಇಲ್ಲದಿದ್ದರೆ ಇನ್ನೂ ಬಂದಿಲ್ಲ ಅಂತ. ಇಡೀ 2024 ಅದರಲ್ಲಿದೆ! ನಾನು ಓದುತ್ತಾ ಹೋದೆ, ಅಕ್ಕನ ಮಗಳು ಎಕ್ಸೆಲ್‌ಗೆ ಹಾಕುತ್ತಾ ಹೋದಳು. ತಿಂಗಳವಾರು ಕೂಡಿಸಿದಾಗ ಆಷಾಢದಲ್ಲಿ ಪಾತಾಳ, ವರಮಹಾಲಕ್ಷ್ಮಿ ಹಬ್ಬದ ಹಿಂದೆಮುಂದೆ ಬ್ಲೌಸು, ಫಾಲ್ಸು, ಕುಚ್ಚು ಅಂತ ಗುಡ್ಡೆ. ಯಾವುದೋ ಒಂದು ತಿಂಗಳು ತಗೊಂಡು 12ರಿಂದ ಗುಣಿಸಿದ್ದರೆ ಲೆಕ್ಕ ಎತ್ತಲೋ ಹೋಗುತ್ತಿತ್ತು. ಅಂಗಡಿ ಬಾಡಿಗೆ, ಕರೆಂಟು, ಕೈಯಾಳಿನ ಕೂಲಿ ಕಳೆದು 2.1 ಲಕ್ಷ ಉಳಿಯಿತು. ಆಟೋದ್ದು ಡೀಸೆಲ್, ಇಎಂಐ ಕಳೆದು 2.4.

2025ರ ಅಂದಾಜು ಇನ್ನೊಂದು ಕಥೆ. ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಗಲಾಟೆ ಆಯ್ತಲ್ವಾ, ಆಗ ಬೀದಿಯವರೆಲ್ಲ ಕ್ಯೂಆರ್ ಬೋರ್ಡ್ ಒಳಗಿಟ್ಟರು, ಅಕ್ಕನೂ ಇಟ್ಟಳು. ನಿನ್ನ ವಹಿವಾಟು ಜಿಎಸ್‌ಟಿಯ 20 ಲಕ್ಷದ ಮಿತಿಯ ಹತ್ತಿರಕ್ಕೂ ಬರಲ್ಲ ಕಣೇ ಅಂದರೂ ಕೇಳಲಿಲ್ಲ. ಹಾಗಾಗಿ ಆ ತಿಂಗಳುಗಳಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಖಾಲಿ ಖಾಲಿ. ಅಳತೆ ಪುಸ್ತಕದ ಪುಟಗಳನ್ನೇ ಸ್ಕ್ಯಾನ್ ಮಾಡಿ, ಗಿರಾಕಿಗಳ ಹೆಸರು ಮುಚ್ಚಿ, ಇಂಗ್ಲಿಷಿನಲ್ಲಿ ಒಂದು ವಿವರಣೆ ಜೋಡಿಸಿ ಇಟ್ಟಿದ್ದೇವೆ.

ಆಮೇಲೆ ಮನೆ. ನಿಜಕ್ಕೂ ಕೂದಲು ಕಿತ್ತುಕೊಂಡಿದ್ದು ಇಲ್ಲಿ. ಫಾರಂ ಕೇಳುತ್ತದೆ: ಸ್ವಂತವೋ, ಬಾಡಿಗೆಯೋ? ಬಾಡಿಗೆ ಆದರೆ ತಿಂಗಳಿಗೆ ಎಷ್ಟು? ಅಕ್ಕನ ಮನೆ ಭೋಗ್ಯಕ್ಕೆ, ಮಾಲೀಕರಿಗೆ ಒಟ್ಟಿಗೆ 9 ಲಕ್ಷ ಕೊಟ್ಟು 3 ವರ್ಷಕ್ಕೆ ಕರಾರು. ತಿಂಗಳ ಬಾಡಿಗೆ ಸೊನ್ನೆ. ಬೆಂಗಳೂರಿನಲ್ಲಿ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ, ಆದರೆ ಬಾಸ್ಟನ್‌ನಲ್ಲಿ ಕೂತವರಿಗೆ ಬಾಡಿಗೆ ಸೊನ್ನೆ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಇತ್ತ 9 ಲಕ್ಷವನ್ನು ಸುಮ್ನೆ ಉಳಿತಾಯ ಅಂತ ತೋರಿಸಿದರೆ, ಇಷ್ಟು ದುಡ್ಡಿದೆಯಲ್ಲ ಅಂತಾರೆ. ಭಾವ, "ಹಾಕಲೇಬೇಡ, ಅವರಿಗೇನು ಗೊತ್ತಾಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಒಂದು ಕಾಗದದಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಅಂತ ದಿನಾ ನೋಡುವವನು ನಾನು.

ಕೊನೆಗೆ ಹೀಗೆ ಮಾಡಿದೆವು. 9 ಲಕ್ಷ ಆಸ್ತಿಯ ಕಡೆ. ಅದಕ್ಕಾಗಿ ಒಡವೆ ಅಡ ಇಟ್ಟ 2.6 ಲಕ್ಷ ಮತ್ತು ಎತ್ತಿದ ಚೀಟಿಯ ಉಳಿದ ಕಂತು ಸಾಲದ ಕಡೆ. ಬಾಡಿಗೆ ಸೊನ್ನೆ. ಕೊನೆಯಲ್ಲಿ ವಿಶೇಷ ಪರಿಸ್ಥಿತಿ ಬರೆಯಲು ಒಂದು ಖಾನೆ ಇದೆ, ಅಲ್ಲಿ ಅವಳು ಬರೆದಳು: ಈ ಹಣ ಮನೆ ಮಾಲೀಕರ ಹತ್ತಿರ ಇದೆ, ಬಡ್ಡಿ ಬರುವುದಿಲ್ಲ, ಖಾಲಿ ಮಾಡಿದಾಗ ಮಾತ್ರ ವಾಪಸ್, ಇದನ್ನು ಫೀಸಿಗೆ ತೆಗೆದರೆ ನಮಗೆ ಇರಲು ಮನೆ ಇಲ್ಲ. ನಾನು ಒಂದು ಪುಟ ಬರೆಯಲು ಹೊರಟಿದ್ದೆ. ಅಷ್ಟೇ ಸಾಕು ಮಾವ ಅಂದಳು.

ಚೀಟಿಯ ಗಮ್ಮತ್ತು ನೋಡಿ. ಎತ್ತುವ ತನಕ ಅದು ಉಳಿತಾಯ, ಎತ್ತಿದ ಮರುದಿನದಿಂದ ಸಾಲ. ಅವರದು ಎರಡು ಚೀಟಿ ಇವೆ, ಒಂದು ಆ ಕಡೆ, ಒಂದು ಈ ಕಡೆ.

ಜಮೀನು ಬೇರೆ. ನಾಗಮಂಗಲ ತಾಲ್ಲೂಕಿನಲ್ಲಿ 2 ಎಕರೆ 10 ಗುಂಟೆ, ಪಹಣಿ ಇನ್ನೂ ಭಾವನ ತಂದೆಯ ಹೆಸರಿನಲ್ಲೇ. ಅವರು ತೀರಿಕೊಂಡಿದ್ದಾರೆ, ಪೌತಿ ಖಾತೆ ಆಗಿಲ್ಲ, ನಾಲ್ಕು ಜನ ಮಕ್ಕಳಿಗೆ ಭಾಗವೂ ಆಗಿಲ್ಲ. ಕಾವೇರಿ ಪೋರ್ಟಲ್‌ನಲ್ಲಿ ಮಾರ್ಗಸೂಚಿ ದರ ನೋಡಿ, ಕಾಲು ಭಾಗ ಹಾಕಿ, ಒಬ್ಬರೇ ಮಾರಲು ಬರುವುದಿಲ್ಲ ಅಂತ ಒಂದು ಸಾಲು ಸೇರಿಸಿದೆವು. ಮಾರುಕಟ್ಟೆ ಬೆಲೆ ಜಾಸ್ತಿ ಇರಬಹುದು, ಆದರೆ ಕಾಗದ ತೋರಿಸಲು ಆಗುವುದು ಇದಕ್ಕೆ ಮಾತ್ರ.

ನವೆಂಬರ್

ಆದಾಯ ಪ್ರಮಾಣ ಪತ್ರದ ಅವಧಿ ಇನ್ನೂ ಇದೆ, ಕೊಟ್ಟ ದಿನದಿಂದ 5 ವರ್ಷ ನಡೆಯುತ್ತದೆ. ಆದರೆ ಅದು ಲಾಕ್‌ಡೌನ್ ಕಾಲದ್ದು, ಅಂಗಡಿ ಮುಚ್ಚಿದ್ದಾಗಿನ ಮೊತ್ತ. ಅದನ್ನೇ ಕಳಿಸಿದರೆ ನಮ್ಮ 4.5 ಲಕ್ಷಕ್ಕೂ ಅದಕ್ಕೂ ತಾಳಮೇಳ ಇರುವುದಿಲ್ಲ. ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಿದ್ದೇವೆ. ಮುಂದೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ಸ್ಕಾಲರ್‌ಶಿಪ್‌ಗೂ ಆ ಪತ್ರದ ಮೇಲಿನ ಆರ್‌ಡಿ ನಂಬರೇ ಬೇಕಾಗುತ್ತದೆ. ಅವಳ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತಲೂ ನೋಡಿಕೊಂಡೆವು, ಆಗಿದೆ.

ಅಜೀಂ ಪ್ರೇಮ್‌ಜಿಯಲ್ಲಿ ಅವರದೇ ಪ್ರವೇಶ ಪರೀಕ್ಷೆ ಇದೆ, ಮನೆಯ ಆದಾಯ ನೋಡಿ ಟ್ಯೂಷನ್, ಹಾಸ್ಟೆಲ್, ಊಟಕ್ಕೂ ರಿಯಾಯಿತಿ ಕೊಡುತ್ತಾರೆ. ನನ್ನ ಕೇಳಿದರೆ ನಿಜವಾದ ಆಸೆ ಇಟ್ಟುಕೊಳ್ಳಬೇಕಾದ್ದು ಇದರ ಮೇಲೆ. ಅಕ್ಕನಿಗೂ ಇದೇ ಇಷ್ಟ, ಮಗಳು ಶನಿವಾರ ಮನೆಗೆ ಬರಬಹುದಲ್ಲ. ಅಮೆರಿಕಕ್ಕೆ ಅಂತ ಮಾಡಿದ ಎಕ್ಸೆಲ್ ಇಲ್ಲೂ ಹಾಗೇ ಉಪಯೋಗಕ್ಕೆ ಬರುತ್ತದೆ.

ಉಳಿದಿರುವುದು: ಭೋಗ್ಯ ಪತ್ರ ಮತ್ತು ಪಹಣಿಯ ಇಂಗ್ಲಿಷ್ ಅನುವಾದ, ರಿಟರ್ನ್ ಹಾಕಿಲ್ಲ ಅನ್ನುವ ಹೇಳಿಕೆಗೆ ಇಬ್ಬರ ಸಹಿ, ಎಲ್ಲವನ್ನೂ ಐಡಾಕ್‌ಗೆ, ಅಂದರೆ ಸಿಎಸ್‌ಎಸ್ ಜೊತೆಗಿನ ದಾಖಲೆ ಪೋರ್ಟಲ್‌ಗೆ, ಏರಿಸುವುದು. ಜನವರಿ ಮೊದಲ ವಾರದೊಳಗೆ ಅಮೆರಿಕದ ಅರ್ಜಿಗಳು ಹೋಗಬೇಕು, ಆಮೇಲೆ ಅವಳು ಪಿಯು ಪರೀಕ್ಷೆಗೆ ಕೂರುತ್ತಾಳೆ. ಅಷ್ಟರಲ್ಲಿ ಆಟೋ ಇಂಜಿನ್ ರಿಪೇರಿಗೆ ಅಂತ ಭಾವ ಎರಡನೇ ಚೀಟಿಯನ್ನೂ ಎತ್ತುವ ಯೋಚನೆಯಲ್ಲಿದ್ದಾರೆ. ಎತ್ತುವುದಾದರೆ ಫಾರಂ ಕಳಿಸುವ ಮೊದಲೇ ಎತ್ತಿ ಭಾವ, ಕಾಲಂ ಬದಲಾಯಿಸಬೇಕು ಅಂತ ಹೇಳಿ ಬಂದಿದ್ದೇನೆ.